ಭೀಮರಾಜುವಿನ ಹುಳದ ಕಾರ್ಖಾನೆ

“ತೊಂಬತ್ತೇ ದಿನ! ತೊಂಬತ್ತು ದಿನ ಆದ್ಮೇಲೆ ನಮ್ಮ ತೋಟದಾಗೆ ಒಂದೇ ಒಂದು ಕಪ್ಪುತಲೆ ಹುಳ ಉಳ್ಕಂಡಿದ್ರೆ ನನ್ನ ಹೆಸ್ರು ಭೀಮರಾಜು ಅಲ್ಲ ಕಣೇ!”

ಸಂಕ್ರಾಂತಿ ಕಳೆದ ಮೂರನೆಯ ದಿನ, ತಿಪಟೂರಿನಲ್ಲಿ ತೆಂಗು ಬೆಳೆಗಾರರ ಒಂದು ದಿನದ ತರಬೇತಿ ಮುಗಿಸಿಕೊಂಡು ಬಂದ ಭೀಮರಾಜು ಪಡಸಾಲೆಯ ಮಧ್ಯೆ ನಿಂತು ಈ ಪ್ರತಿಜ್ಞೆ ಮಾಡಿದ. ಕೈಚೀಲದ ತುಂಬ ಕರಪತ್ರ, ಜೇಬಿನಲ್ಲಿ ಪುಕ್ಕಟೆ ಪೆನ್ನು, ಎದೆಯ ಮೇಲೆ ಇನ್ನೂ ಕಿತ್ತುಹಾಕದ ‘ಶಿಬಿರಾರ್ಥಿ’ ಎಂಬ ಬ್ಯಾಡ್ಜು. ಹೆಸರಿಗೆ ಭೀಮ, ಗಾಳಿ ಜೋರಾಗಿ ಬೀಸಿದರೆ ಪಂಚೆ ಹಿಡಿದುಕೊಳ್ಳಬೇಕೋ ಪಕ್ಕದ ಮರ ಹಿಡಿದುಕೊಳ್ಳಬೇಕೋ ಎಂದು ಯೋಚಿಸಬೇಕಾದ ಮೈಕಟ್ಟು. ಆದರೆ ಮಾತಿಗೆ ನಿಂತನೆಂದರೆ ಗದೆ ಒಂದೇ ಕಮ್ಮಿ!

ಹೆಂಡತಿ ಗಂಗಲಕ್ಷ್ಮಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

“ಹಂಗಾದ್ರೆ ಬೇರೆ ಹೆಸ್ರು ಏನಂತ ಈಗ್ಲೇ ಯೋಚ್ನೆ ಮಾಡ್ಕಳಿ. ಆಧಾರ್ ಕಾರ್ಡು ತಿದ್ದಿಸೋಕೆ ಮಾಯಸಂದ್ರಕ್ಕೆ ಮೂರು ಸಲನಾದ್ರೂ ಅಲೀಬೇಕಾಯ್ತದೆ.”

ಹೀಗೆ ಚುಚ್ಚಿದಳೇ ಹೊರತು, ಈ ವಿಷಯದಲ್ಲಿ ಅವಳಿಗಿದ್ದ ಸಂಕಟ ಭೀಮರಾಜುವಿಗೂ ಇರಲಿಲ್ಲ. ಆ ಮನೆಯಲ್ಲಿ ಒಂದು ಪದ್ಧತಿ. ಸೊಸೆಯಾಗಿ ಬಂದವಳು ಆ ವರ್ಷದ ಮಳೆಗಾಲದಲ್ಲಿ ತೋಟದಲ್ಲಿ ತನ್ನ ಕೈಯಾರೆ ಒಂದು ತೆಂಗಿನ ಸಸಿ ನೆಡಬೇಕು. ಆ ಮರ ಅವಳದು. ಅದರ ಕಾಯಿ ಅವಳದು. ಯಾರಿಗೆ ಕೊಟ್ಟೆ, ಏನು ಮಾಡಿದೆ ಎಂದು ಗಂಡನಾದವನು ಕೇಳುವ ಹಾಗಿಲ್ಲ. ಗಂಗಲಕ್ಷ್ಮಿಯ ಮರ ಪಂಪ್‌ಸೆಟ್ ಮನೆಯ ಪಕ್ಕದಲ್ಲಿತ್ತು. ಇಪ್ಪತ್ತಾರು ವರ್ಷದ ಮರ. ಮೊದಲ ಕಾಯಿ ತವರಿನ ದೇವರಿಗೆ ಹೋಗಿತ್ತು. ಗಂಡನ ಮೇಲೆ ಸಿಟ್ಟು ಬಂದಾಗ, ಅತ್ತೆಯ ಮೇಲೆ ಬೇಸರವಾದಾಗ, ಅವ್ವ ಸತ್ತ ಸುದ್ದಿ ಬಂದ ದಿನ, ಅವಳು ಹೋಗಿ ಒರಗಿ ನಿಂತದ್ದು ಆ ಮರಕ್ಕೇ. ಅದರ ಪಕ್ಕದಲ್ಲಿದ್ದ ಅತ್ತೆ ಭೈರಮ್ಮನ ಮರಕ್ಕೆ ಎಂಟು ವರ್ಷದ ಹಿಂದೆ ಸಿಡಿಲು ಹೊಡೆದು ಈಗ ಮೋಟು ಮಾತ್ರ ಉಳಿದಿತ್ತು.

ಈಗ ಗಂಗಲಕ್ಷ್ಮಿಯ ಮರದ ಕೆಳಗಿನ ಗರಿಗಳು ಬೆಂಕಿಯ ಝಳ ತಗುಲಿದಂತೆ ಕಂದಿ ಒಣಗುತ್ತಿದ್ದವು. ತೋಟದ ಉಳಿದ ಮರಗಳಿಗೂ ಹುಳ ಬಿದ್ದಿತ್ತು, ಆದರೆ ಪೆಟ್ಟು ಜೋರಾಗಿ ಬಿದ್ದದ್ದು ಇದಕ್ಕೆ. ಪಕ್ಕದ ತೋಟದ ಈರಣ್ಣ ಬಂದು ನೋಡಿ, “ಬೇರಿಗೆ ಔಷಧಿ ಪಾಕೀಟು ಕಟ್ಲಾ ಭೀಮ, ಎಂಟು ದಿನಕ್ಕೆ ಹುಳ ಉದುರೋಯ್ತವೆ” ಎಂದಿದ್ದ. ಗಂಗಲಕ್ಷ್ಮಿ ಸೊಂಟಕ್ಕೆ ಸೆರಗು ಸಿಕ್ಕಿಸಿ, “ಅಣ್ಣಯ್ಯ, ಈ ಮರಕ್ಕೆ ನೀರು ಹುಯ್ದಿರೋಳು ನಾನು. ವಿಷ ಕುಡ್ಸೋಕೆ ಬುಡಲ್ಲ” ಎಂದುಬಿಟ್ಟಿದ್ದಳು. ಅಂದಿನಿಂದ ದಿನಾ ಬೆಳಿಗ್ಗೆ ಹಸುವಿಗೆ ಹುಲ್ಲು ಕೊಯ್ದು ತರುವಾಗ ಒಂದು ಗಳಿಗೆ ಆ ಮರದ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದಳು. ಅದನ್ನು ನೋಡಲಾರದೆಯೇ ಭೀಮರಾಜು ತಿಪಟೂರಿನ ಬಸ್ಸು ಹತ್ತಿದ್ದು. ಇದು ಮಾತ್ರ ಅವನ ಪರವಾಗಿ ಹೇಳಲೇಬೇಕಾದ ಮಾತು.

ಆ ರಾತ್ರಿ ಊಟವಾದ ಮೇಲೆ, ಭೈರಮ್ಮ ಕೋಳಿಗೂಡು ಮುಚ್ಚಲು ಹಿತ್ತಲಿಗೆ ಹೋದಾಗ, ಭೀಮರಾಜು ಹೆಂಡತಿಯ ಮುಂದೆ ಕರಪತ್ರ ಹರಡಿ ಕುಳಿತ.

“ಕೇಳಿಲ್ಲಿ. ಶತ್ರುವಿನ ಪೂರ್ತಿ ಜಾತಕ ತಂದಿದೀನಿ. ಈ ಹುಳದ ತಾಯಿ ಒಂದು ಪತಂಗ. ಬೂದಿ ಬಣ್ಣ. ನನ್ನ ಹೆಬ್ಬೆಟ್ಟಿನ ಉಗುರಿನಷ್ಟು ಐತೆ ಅಷ್ಟೇಯ. ಹಗಲೆಲ್ಲ ಗರಿ ಅಡಿ ಅಲ್ಲಾಡದಂಗೆ ಕೂತಿರ್ತದೆ. ಕತ್ಲಾಯ್ತೋ, ಹಾರಾಟ ಶುರು!”

“ಥೇಟ್ ನಿಮ್ಮ ಈರಣ್ಣನೇ.”

“ಮಧ್ಯ ಬಾಯಿ ಹಾಕ್ಬೇಡ! ಹಳೇ ಗರಿ ಕೆಳಗೆ ನೂರಕ್ಕೂ ಮೇಲೆ ಮೊಟ್ಟೆ ಇಡ್ತದೆ. ಐದು ದಿನಕ್ಕೆ ಮರಿ. ಮರಿಗೆ ಕರೀ ತಲೆ. ತನ್ನ ನೂಲು, ತನ್ನ ಹಿಕ್ಕೆ ಎರಡೂ ಕಲ್ಸಿ ಸುರಂಗ ಕಟ್ಕಂಡು, ಒಳಗೇ ಕೂತು ನಲವತ್ತು ದಿನ ಗರಿ ಹಸಿರೆಲ್ಲ ಕೆರೆದು ತಿಂತದೆ. ಆಮೇಲೆ ಅದೇ ಸುರಂಗದಾಗೆ ಗೂಡು ಸುತ್ಕಂಡು ಹನ್ನೆರಡು ದಿನ ನಿದ್ದೆ. ಎದ್ರೆ ಪತಂಗ!”

“ಪತಂಗ ಏನ್ ತಿಂತದೆ?”

“ತಿನ್ನೋ ಲೆಕ್ಕಕ್ಕೇ ಇಲ್ಲ. ಐದಾರು ದಿನ ಬದುಕ್ತದೆ, ಮೊಟ್ಟೆ ಇಡ್ತದೆ, ಸತ್ತೋಯ್ತದೆ.”

ಗಂಗಲಕ್ಷ್ಮಿ ಅವರೆಕಾಳಿನ ತಟ್ಟೆಯನ್ನು ಪಕ್ಕಕ್ಕಿಟ್ಟಳು. “ಪಾಪ. ಮಕ್ಕಳ ಮುಖನೂ ನೋಡದಂಗೆ ಹೋಗ್ಬುಡ್ತದಾ?”

ಭೀಮರಾಜು ತಬ್ಬಿಬ್ಬಾದ. ಕರಪತ್ರ ತಿರುಗಿಸಿ ನೋಡಿದ. ಈ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

“ಶತ್ರುಗೆಲ್ಲ ಪಾಪ ಅನ್ಬಾರ್ದು ಕಣೇ! ಈಗ ನಮ್ಮ ಸೈನ್ಯದ ವಿಷಯ ಕೇಳು. ಮಿತ್ರಕೀಟ ಅಂತ ಐತೆ. ಸಣ್ಣ ಕರೀ ಕಣಜ, ಮೇಲ್ನೋಟಕ್ಕೆ ಇರುವೆ ಹಂಗೇ ಕಾಣ್ತದೆ. ಸೀದಾ ಸುರಂಗಕ್ಕೆ ನುಗ್ತದೆ, ಹುಳಕ್ಕೆ ಚುಚ್ಚಿ ಮಲಗಿಸ್ತದೆ, ಅದರ ಮೈಮೇಲೇ ಮೊಟ್ಟೆ ಇಡ್ತದೆ. ಅದರ ಮರಿಗೆ ಈ ಹುಳನೇ ಊಟ!”

“ಸರಿ ಮತ್ತೆ. ಅದನ್ನ ಈಸ್ಕಂಡು ಬಂದು ಮರಕ್ಕೆ ಬುಟ್ರೆ ಆಯ್ತಲ್ಲ.”

ಭೀಮರಾಜು ಕನಿಕರದಿಂದ ನಕ್ಕ. ವಿಜ್ಞಾನಿಗಳು ಜನಸಾಮಾನ್ಯರನ್ನು ನೋಡಿ ನಗುವ ನಗೆ.

“ಐದು ಕೊಳವೆ ಈಸ್ಕಂಡು ಬಂದು ಬುಡೋಕೆ ನಾನೇ ಬೇಕಾ? ಅದು ಎಲ್ಲಾರೂ ಮಾಡ್ತಾರೆ. ನಾನು ಮನೇಲೇ ಸಾಕ್ತೀನಿ! ಐದು ಕೊಳವೆ ಐನೂರು ಕೊಳವೆ ಆಗ್ಬೇಕು. ತುರುವೇಕೆರೆ ತಾಲ್ಲೂಕಿಗೆಲ್ಲ ನಮ್ಮ ಮನೆಯಿಂದಲೇ ಮಿತ್ರಕೀಟ!”

ಕಣಜ ಸಾಕಬೇಕಾದರೆ ಅದಕ್ಕೆ ಮೇವು ಬೇಕು. ಮೇವು ಎಂದರೆ ಹುಳ. ತೆಂಗಿನ ಹುಳ ಮನೆಯೊಳಗೆ ಸಾಕುವುದು ಕಷ್ಟ. ಅದಕ್ಕೆ ಬದಲಾಗಿ ಅಕ್ಕಿ ಪತಂಗ ಎಂಬ ಇನ್ನೊಂದರ ಹುಳ ಸಾಕುತ್ತಾರೆ. ಹಳೆಯ ಹಿಟ್ಟಿನಲ್ಲಿ, ನುಚ್ಚಿನಲ್ಲಿ ಬಲೆ ಕಟ್ಟಿ ಉಂಡೆ ಉಂಡೆ ಮಾಡುತ್ತದಲ್ಲ, ಅದೇ ಪ್ರಾಣಿ. ನಾವು ನೀವೆಲ್ಲ ಕಂಡರೆ ಎತ್ತಿ ಎಸೆಯುವುದನ್ನು ಭೀಮರಾಜು ಮೊಟ್ಟೆಯಿಂದ ಶುರುಮಾಡಿ ಸಾಕಲು ಹೊರಟಿದ್ದ. ಉಗ್ರಾಣದ ಕೋಣೆಯಲ್ಲಿ, ಮೇಲೆ ಅಟ್ಟದ ತುಂಬ ಕೊಬ್ಬರಿಗೆಂದು ಒಣಗುತ್ತಿದ್ದ ಕಾಯಿ, ಕೆಳಗೆ ಸಾಲಾಗಿ ಆರು ಪ್ಲಾಸ್ಟಿಕ್ ಟಬ್ಬು. ಟಬ್ಬಿನಲ್ಲಿ ಜೋಳದ ನುಚ್ಚು, ಕಡಲೆಕಾಯಿ ಬೀಜದ ಪುಡಿ. ಅದರ ಮೇಲೆ ತಿಪಟೂರಿಂದ ತಂದ, ಸಾಸಿವೆಗಿಂತ ಸಣ್ಣ ಮೊಟ್ಟೆಗಳನ್ನು ಮಂತ್ರಾಕ್ಷತೆಯಂತೆ ಉದುರಿಸಿ, ಗಂಗಲಕ್ಷ್ಮಿಯ ಹಳೆಯ ವಾಯಿಲ್ ಸೀರೆ ಹರಿದು ಬಾಯಿ ಕಟ್ಟಿದ.

“ಇಪ್ಪತ್ತಾರು ವರ್ಷದಿಂದ ಈ ಮನೆ ಕಾಳಿಗೆ ಒಂದು ಹುಳ ಬೀಳದಂಗೆ ನೋಡ್ಕಂಡಿದೀನಿ. ನೀವು ಹೊರಗಿಂದ ತಂದು ಬೀಳಿಸ್ತಿದೀರಲ್ರೀ!” ಎಂದಳು ಗಂಗಲಕ್ಷ್ಮಿ.

“ನಿನ್ನ ಮರಕ್ಕೋಸ್ಕರ ಕಣೇ” ಎಂದ ಭೀಮರಾಜು.

ಎಂಬತ್ತು ದಾಟಿದ ಭೈರಮ್ಮ ಬಾಗಿಲಲ್ಲಿ ನಿಂತು, “ಏನ್ಲಾ ಮಗ ಇದು?” ಎಂದು ಕೇಳಿದಳು.

“ನಿಂಗೆ ಹೇಳಿದ್ರೂ ತಿಳಿಯಲ್ಲ ಬುಡವ್ವ. ಇದೆಲ್ಲ ವಿಜ್ಞಾನ.”

ಭೀಮರಾಜು ಈ ಇಡೀ ಪ್ರಸಂಗದಲ್ಲಿ ಮಾಡಿದ ತಪ್ಪು ಒಂದೇ ಒಂದು. ಅದು ಈ ಮಾತು!

ಕರಪತ್ರದ ಪ್ರಕಾರ ಮೊಟ್ಟೆಯಿಂದ ಪತಂಗವಾಗಲು ನಲವತ್ತೈದು ದಿನ. ಭೀಮರಾಜು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗೆರೆ ಎಳೆದಿದ್ದ. ಆದರೆ ಪತಂಗಗಳಿಗೆ ಕ್ಯಾಲೆಂಡರು ಯಾರು ತೋರಿಸಿದ್ದರು? ಶಿವರಾತ್ರಿ ಕಳೆದ ವಾರ, ನಲವತ್ತೆರಡನೆಯ ದಿನದ ಸಂಜೆ ಏಳು ಗಂಟೆಗೆ ಅವು ಸಿದ್ಧವಾಗಿಬಿಟ್ಟವು. ವಾಯಿಲ್ ಸೀರೆಗೆ ಇಲಿ ಯಾವಾಗಲೋ ತೂತು ಮಾಡಿತ್ತು. ಪಡಸಾಲೆಯಲ್ಲಿ ಗಂಗಲಕ್ಷ್ಮಿ ಧಾರಾವಾಹಿ ಹಾಕಿಕೊಂಡಿದ್ದಳು. ಟೀವಿಯಲ್ಲಿ ನಾಯಕಿ ಅಳುತ್ತಿದ್ದಳು. ಮೊದಲ ಪತಂಗ ಬಂದು ಸರಿಯಾಗಿ ಅವಳ ಹಣೆಯ ಮೇಲೆ ಕುಳಿತಿತು. ಎರಡನೆಯದು ಧಾರಾವಾಹಿಯ ಅತ್ತೆಯ ಮೂಗಿನ ಮೇಲೆ. ಆಮೇಲೆ ಎಣಿಸಲು ಆಗಲಿಲ್ಲ! ಬೂದಿ ಬಣ್ಣದ ಸಣ್ಣ ಸಣ್ಣ ರೆಕ್ಕೆಗಳು ಟ್ಯೂಬ್‌ಲೈಟಿನ ಸುತ್ತ, ದೇವರ ಪಟದ ಮೇಲೆ, ಮುದ್ದೆಯ ತಪ್ಪಲೆಯಲ್ಲಿ, ಗಂಗಲಕ್ಷ್ಮಿಯ ತುರುಬಿನಲ್ಲಿ!

ಗಂಗಲಕ್ಷ್ಮಿ ಪೊರಕೆ ಎತ್ತಿದಳು. ಭೀಮರಾಜು ಉಗ್ರಾಣದಿಂದ ಹಾರಿಬಂದ.

“ಪೊರಕೆ ಕೆಳಗಿಡು! ಹೊಡೀಬೇಡ್ವೇ, ಎಲ್ಲಾ ಬಸುರಿಯರು!”

“ನಾನು ಬಸುರಿಯಾಗಿದ್ದಾಗ ಒಂದಿನನಾದ್ರೂ ಹಿಂಗೆ ಓಡ್ಬಂದಿದ್ರಾ ನೀವು?”

ಭೀಮರಾಜು ಆಗಲೇ ಬಾಯಿ ಅಗಲದ ಪ್ಲಾಸ್ಟಿಕ್ ಡಬ್ಬ ಹಿಡಿದು ಮಂಚ ಹತ್ತಿ, ಕಿಟಕಿ ಹತ್ತಿ, ಕೊನೆಗೆ ಗೋದ್ರೇಜು ಬೀರು ಹತ್ತಿ ಪತಂಗ ಹಿಡಿಯುತ್ತಿದ್ದ. ಅಷ್ಟರಲ್ಲಿ ಭೈರಮ್ಮ ಹಿತ್ತಲಿಂದ ಒಳಬಂದು ದೀಪದ ಸುತ್ತ ನೋಡಿದಳು. ಅವಳ ಅನುಭವದಲ್ಲಿ ಇಷ್ಟು ಹುಳ ದೀಪಕ್ಕೆ ಬಂದರೆ ಅದಕ್ಕೆ ಒಂದೇ ಅರ್ಥ.

“ದೀಪದ ಹುಳ ಎದ್ದೈತೆ! ಮಳೆ ಬತ್ತದೆ! ಅಂಗಳದಾಗೆ ಒಣಾಕಿರೋ ಕೊಬ್ರಿ ಒಳಗೆ ತಗಳ್ರೋ!”

ಭೈರಮ್ಮನ ದನಿ ಬೀದಿಯ ಕೊನೆಯವರೆಗೆ ಹೋಗುವ ದನಿ. ಮಳೆ ವಿಷಯದಲ್ಲಿ ಅವಳ ಮಾತು ಎಂದೂ ಸುಳ್ಳಾಗಿರಲಿಲ್ಲ. ಈರಣ್ಣ ಕಣದಲ್ಲಿದ್ದ ಹುರುಳಿಯನ್ನು ಗೋಣಿಚೀಲಕ್ಕೆ ತುಂಬಿ ಒಳಗೆ ಹೊತ್ತ. ಎದುರು ಮನೆಯವರು ಮೆಣಸಿನಕಾಯಿ ಬಾಚಿದರು. ಅರ್ಧ ಗಂಟೆಯಲ್ಲಿ ಇಡೀ ಬೀದಿಯ ಅಂಗಳಗಳು ಖಾಲಿ! ಬೆಳಿಗ್ಗೆ ಎದ್ದು ನೋಡಿದರೆ ಆಕಾಶದಲ್ಲಿ ಅಂಗೈಯಗಲ ಮೋಡವಿಲ್ಲ. ಈರಣ್ಣ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಬಂದು, “ಅವ್ವ, ಮಳೆ ಎಲ್ಲವ್ವ?” ಎಂದ. ಭೈರಮ್ಮ ಆಕಾಶವನ್ನೇ ನೋಡುತ್ತ ನಿಂತಳು. ಅರವತ್ತು ವರ್ಷ ಕಾಪಾಡಿಕೊಂಡು ಬಂದ ಹೆಸರು ಮಗನ ದೆಸೆಯಿಂದ ಒಂದೇ ರಾತ್ರಿಯಲ್ಲಿ ಹೋಗಿತ್ತು.

ಭೀಮರಾಜುವಿಗೆ ಮಾತ್ರ ಅದು ವಿಜಯೋತ್ಸವ. ಹಿಡಿದ ಪತಂಗಗಳು ಡಬ್ಬದಲ್ಲಿ ಧಾರಾಳವಾಗಿ ಮೊಟ್ಟೆಯಿಟ್ಟು, ನಾಲ್ಕೈದು ದಿನದಲ್ಲಿ ಒಂದೊಂದಾಗಿ ರೆಕ್ಕೆ ಮಡಚಿ ಸತ್ತವು. ಹೊಸ ನುಚ್ಚು ತುಂಬಿ ಆರೂ ಟಬ್ಬುಗಳಿಗೆ ಮೊಟ್ಟೆ ಹಂಚಿದ. ಆ ವಾರವೇ ತಿಪಟೂರಿಗೆ ಹೋಗಿ, ತರಬೇತಿಯಲ್ಲಿ ಪಾಠ ಹೇಳಿದ್ದ ಸೂರ್ಯಪ್ರಕಾಶ್ ಎಂಬ ಅಧಿಕಾರಿಯಿಂದ ಐದು ಗಾಜಿನ ಕೊಳವೆ ಮಿತ್ರಕೀಟ ಈಸಿಕೊಂಡು ಬಂದ. “ಇವತ್ತು ಸಂಜೆನೇ ಮರದ ಬುಡಕ್ಕೆ ಬಿಟ್ಟುಬಿಡಿ, ಇಟ್ಕೋಬೇಡಿ” ಎಂದು ಸೂರ್ಯಪ್ರಕಾಶ್ ಹೇಳಿದ್ದರು. “ಆಗ್ಲಿ ಸಾರ್” ಎಂದವನು ಮನೆಗೆ ತಂದು, ಜೇನುತುಪ್ಪ ಸವರಿದ ಕಾಗದದ ಚೂರು ಒಳಗಿಟ್ಟು, ಹತ್ತಿ ಬಿರಡೆ ಹಾಕಿ, ತಂಪಾಗಿರಲೆಂದು ದೇವರ ಮನೆಯ ಗೂಡಿನಲ್ಲಿ ಸಾಲಾಗಿ ನಿಲ್ಲಿಸಿದ.

“ಈಗ್ಲಾದ್ರೂ ಬುಡ್ರೀ. ಮರ ಒಣಗ್ತಾ ಐತೆ” ಎಂದಳು ಗಂಗಲಕ್ಷ್ಮಿ.

“ಟಬ್ಬಿನ ಹುಳ ದಪ್ಪ ಆಗ್ಲಿ ಇರೇ. ಇನ್ನು ಇಪ್ಪತ್ತು ದಿನ. ಅದರ ಮೇಲೆ ಬುಟ್ರೆ ಒಂದಕ್ಕೆ ನೂರು ಆಯ್ತವೆ.”

“ಅಲ್ಲೀಗಂಟ ಮರ ಇರ್ಬೇಕಲ್ಲ.”

ಮರುದಿನ ಅವಳ ಮರದಿಂದ ಇನ್ನೊಂದು ಗರಿ ಕಳಚಿ ಬಿತ್ತು. ಅವಳು ಅದನ್ನು ಗಂಡನ ಕಣ್ಣೆದುರೇ ಎಳೆದುಕೊಂಡು ಬಂದು ಹಿತ್ತಲಿಗೆ ಹಾಕಿದಳು. ಭೀಮರಾಜುವಿಗೆ ಒಳಗೊಳಗೇ ಚುಚ್ಚಿತು. ಆದರೆ ಐನೂರು ಕೊಳವೆಯ ಕನಸು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕನ್ನಡಕ ಹುಡುಕುವ ವ್ಯವಧಾನವಿಲ್ಲದೆ, ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡಿ ಸಂತೋಷಪಡುತ್ತಿದ್ದ. “ನೋಡೇ, ಏನು ಓಡಾಟ! ತಂದಾಗಿನ್ಕಿಂತ ದಪ್ಪ ಆಗವೆ! ಜೇನುತುಪ್ಪ ಚೆನ್ನಾಗಿ ಹಿಡಿಸೈತೆ!”

ಯುಗಾದಿಗೆ ಒಂದು ವಾರ ಮುಂಚೆ, ಅರವತ್ತೆಂಟನೆಯ ದಿನ, ಕಾರ್ಖಾನೆಯ ಉದ್ಘಾಟನೆ ಎಂದು ನಿಶ್ಚಯವಾಯಿತು. ಸೂರ್ಯಪ್ರಕಾಶ್‌ಗೆ ಆಹ್ವಾನ ಹೋಯಿತು. ಊರಿನ ಇಪ್ಪತ್ತು ಜನ ತೆಂಗು ಬೆಳೆಗಾರರಿಗೂ ಹೋಯಿತು. ಎಲ್ಲರ ಮುಂದೆ ಕಣಜವನ್ನು ಹುಳದ ಮೇಲೆ ಬಿಡುವ ಶುಭ ಮುಹೂರ್ತ! ಅಲ್ಲಿಯವರೆಗೆ ಯಾರೂ ತೆರೆಯಕೂಡದೆಂದು ಟಬ್ಬುಗಳಿಗೆ ಕೆಂಪು ಟೇಪು ಕಟ್ಟಿದ. ಎರಡು ದಿನ ಮುಂಚೆ ಗಂಡ ಹೆಂಡತಿ ಉಪ್ಪಿಟ್ಟು ಕೇಸರಿಬಾತಿನ ಸಾಮಾನು ತರಲು ಮಾಯಸಂದ್ರಕ್ಕೆ ಹೋಗಿಬಂದರು.

ದಿನ ಬಂತು. ಅಂಗಳದಲ್ಲಿ ಬಾಡಿಗೆ ಕುರ್ಚಿ, ಬಾಗಿಲಿಗೆ ಮಾವಿನ ತೋರಣ. ಮೊದಲ ಸಾಲಿನಲ್ಲಿ ಈರಣ್ಣ. ಸೂರ್ಯಪ್ರಕಾಶ್ ಕತ್ತಿಗೆ ಮಸೂರ ನೇತುಹಾಕಿಕೊಂಡು ಬೈಕಿನಲ್ಲಿ ಬಂದಿಳಿದರು. ಭೀಮರಾಜು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲನೆಯ ಟಬ್ಬನ್ನು ಮೇಜಿನ ಮೇಲಿಟ್ಟ.

“ಮಾನ್ಯರೇ! ಈ ಟಬ್ಬಿನೊಳಗೆ ಸುಮಾರು ಸಾವಿರ ಹುಳ ಅವೆ. ಹೆದರಬೇಡಿ! ಅಸಹ್ಯ ಪಡಬೇಡಿ! ಇಂಥ ಹುಳ ನೀವು ಜೀವಮಾನದಾಗೆ ನೋಡಿರಲ್ಲ!”

ಸರ್ರನೆ ಬಟ್ಟೆ ಎಳೆದ.

ಎಲ್ಲರೂ ಬಗ್ಗಿ ನೋಡಿದರು. ಒಳಗೆ ಮುತ್ತಿನಂಥ ಜೋಳದ ಕಾಳು ಇತ್ತು. ಗೇರಿ, ಹಸನು ಮಾಡಿ, ಮೇಲೆ ನಾಲ್ಕು ಬೇವಿನ ಸೊಪ್ಪಿನ ಕಡ್ಡಿ ಇಟ್ಟಿತ್ತು.

“ನಿಜ ಕಣ್ಲಾ ಭೀಮ, ಇಂಥ ಹುಳ ನೋಡಿರ್ಲಿಲ್ಲ” ಎಂದ ಈರಣ್ಣ.

ಭೀಮರಾಜು ಎರಡನೆಯ ಟಬ್ಬಿಗೆ ಧಾವಿಸಿದ. ಜೋಳ, ಬೇವು. ಮೂರನೆಯದು, ಜೋಳ, ಬೇವು. ಆರನೆಯದರಲ್ಲೂ ಜೋಳ, ಬೇವು.

“ಯಾರು! ಯಾರು ಮುಟ್ಟಿದ್ದು ಇದನ್ನ!”

ಅಡಿಗೆಮನೆಯ ಬಾಗಿಲಿಂದ ಭೈರಮ್ಮ ಹೆಮ್ಮೆಯಿಂದಲೇ ಮುಂದೆ ಬಂದಳು.

“ನಾನು ಕಣಪ್ಪ. ನೀವು ಮಾಯಸಂದ್ರಕ್ಕೆ ಹೋದಾಗ ಜೋಳ ತಗಳಣ ಅಂತ ಉಗ್ರಾಣಕ್ಕೆ ಹೋದೆ. ಬಟ್ಟೆ ಬಿಚ್ಚಿದ್ರೆ ನುಚ್ಚೆಲ್ಲ ಬಲೆ ಕಟ್ಟಿ ಮಿಜಿ ಮಿಜಿ ಅಂತೈತೆ! ನಾಡಿದ್ದು ಇಪ್ಪತ್ತು ಜನ ಬತ್ತಾರೆ, ಸಾಹೇಬ್ರು ಬತ್ತಾರೆ, ಹುಳ ಬಿದ್ದ ಕಾಳು ಕಂಡ್ರೆ ನನ್ನ ಸೊಸೆ ಮರ್ವಾದೆ ಏನಾಗ್ಬೇಕು? ಬಿಸಿಲಿಗೆ ಹರವಿದೆ, ಮೊರದಾಗೆ ಗೇರಿದೆ. ಆ ಹಾಳು ನುಚ್ಚು ಹಸೂಗೆ ಹಾಕಿ, ಹೊಸ ಜೋಳ ತುಂಬಿ, ಕೆಂಪು ಟೇಪು ಹೆಂಗಿತ್ತೋ ಹಂಗೇ ಕಟ್ಟಿ ಮಡಗಿದೆ.”

“ಹುಳ? ಅವ್ವ, ಹುಳ ಏನಾದ್ವು?”

“ಕೋಳಿ ತಿಂದ್ವು.”

ಅಂಗಳದಲ್ಲಿ ನಗೆ ಎದ್ದಿತು. ಸೂರ್ಯಪ್ರಕಾಶ್ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಳ್ಳುವವರಂತೆ ಮುಖ ಮುಚ್ಚಿಕೊಂಡರು. ಭೀಮರಾಜು ಮಾತ್ರ ಸೋಲೊಪ್ಪಲಿಲ್ಲ. ಹುಳ ಹೋದರೆ ಹೋಗಲಿ, ಸೈನ್ಯ ಇದೆಯಲ್ಲ! ದೇವರ ಮನೆಗೆ ಓಡಿ ಐದು ಕೊಳವೆ ತಂದು ಎತ್ತಿ ಹಿಡಿದ.

“ನೋಡಿ ಸಾರ್! ಮೂರು ವಾರದಿಂದ ಕಣ್ಣಾಗೆ ಕಣ್ಣಿಟ್ಟು ಸಾಕಿದೀನಿ!”

ಸೂರ್ಯಪ್ರಕಾಶ್ ಕೊಳವೆಗೆ ಮಸೂರ ಹಿಡಿದರು. ಇನ್ನೊಂದಕ್ಕೆ ಹಿಡಿದರು. ಮಸೂರವನ್ನು ಅಂಗಿಗೆ ಒರೆಸಿ ಮತ್ತೆ ನೋಡಿದರು.

“ಭೀಮರಾಜು ಅವರೇ, ತಪ್ಪು ತಿಳ್ಕೋಬೇಡಿ. ಇದು ಇರುವೆ.”

“ಇರುವೆ ಹಂಗೆ ಕಾಣ್ತವೆ ಸಾರ್, ನೀವೇ ಹೇಳಿದ್ರಲ್ಲ!”

“ಇರುವೆ ಹಂಗೆ ಕಾಣಲ್ಲ. ಇರುವೆನೇ! ನಿಮ್ಮ ಮನೆ ಸಕ್ಕರೆ ಡಬ್ಬಕ್ಕೆ ಬರೋ ಇರುವೆ. ಜೇನುತುಪ್ಪಕ್ಕೆ ಬಂದಿವೆ.”

ಇರುವೆ ಸಾಕಿದ ಭೀಮರಾಜು ಕುರ್ಚಿಯ ಮೇಲೆ ಕುಸಿದ. ಈ ಸಲ ಯಾರೂ ನಗಲಿಲ್ಲ. ಏಕೆಂದರೆ ಬಾಗಿಲಲ್ಲಿ ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದ ಗಂಗಲಕ್ಷ್ಮಿಯ ಮುಖ ಎಲ್ಲರಿಗೂ ಕಂಡಿತು. ಅವಳು ತಟ್ಟೆಯನ್ನು ಕೆಳಗಿಟ್ಟಳು.

“ಆ ಕಣಜ ಎಲ್ಲಿ ಹೋದ್ವು ಹಂಗಾದ್ರೆ? ಅವನ್ನ ಆವತ್ತೇ ಬುಡಿ ಅಂದಿದ್ದೆ ಕಣ್ರೀ. ನನ್ನ ಮರ ಒಂದು ನೋಡ್ರೀ ಅಂದಿದ್ದೆ” ಎಂದಳು. ದನಿ ಜೋರಾಗಿರಲಿಲ್ಲ. ಜೋರಾಗಿದ್ದಿದ್ದರೆ ಭೀಮರಾಜು ತಡೆದುಕೊಳ್ಳುತ್ತಿದ್ದ. ಅವನು ತಲೆ ತಗ್ಗಿಸಿದ. ಹೆಂಡತಿಯ ಮರ ಉಳಿಸಲು ಹೊರಟವನು ಆ ಮರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ನೋಡಿಕೊಂಡಿದ್ದ. ಅದು ಅವನಿಗೆ ಆ ಕುರ್ಚಿಯ ಮೇಲೆ ಕುಳಿತಾಗಲೇ ತಿಳಿದದ್ದು.

ಆಗ ಭೈರಮ್ಮ ಸೊಸೆಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು. “ಆ ಸಣ್ಣ ಬಾಟ್ಲಿ ವಿಷಯನಾ ಕಣವ್ವ? ಅದೂ ನಾನೇಯ.”

ಇಡೀ ಅಂಗಳ ಅವಳ ಕಡೆ ತಿರುಗಿತು.

“ದೀಪ ಹಚ್ಚೋಕೆ ಹೋದ್ರೆ, ದೇವರ ಎದುರಿಗೇ ಇರುವೆಗಳ್ನ ಗಾಜಿನಾಗೆ ಕೂಡಾಕವ್ನೆ ನನ್ನ ಮಗ! ಹತ್ತೀನ ತಲೆಯಿಂದ ಗುದ್ತಾ ಇದ್ವು, ಪಾಪ. ನಾನು ಸೋಮವಾರ ಸೋಮವಾರ ಇರುವೆಗೆ ಸಕ್ರೆ ರವೆ ಹಾಕೋಳು. ನನ್ನ ಕೈಲಿ ನೋಡೋಕಾಯ್ತದಾ? ಅವತ್ತು ಸಕ್ರೆ ಹಾಕೋಕೆ ಹೋಗುವಾ‍ಗ ಅವನ್ನೂ ತಗಂಡೋಗಿ ಬುಟ್ಟು, ಖಾಲಿ ಬಾಟ್ಲಿ ತಂದು, ಹತ್ತಿ ಸಡ್ಲಕ್ಕೆ ಸಿಕ್ಸಿ ಇದ್ದ ಜಾಗದಾಗೇ ಮಡಗಿದೆ. ಮಗ ಬೈತಾನೆ ಅಂತ ಹೇಳ್ಲಿಲ್ಲ.”

ಸೂರ್ಯಪ್ರಕಾಶ್ ಎದ್ದು ನಿಂತರು. “ಎಲ್ಲಿ ಬಿಟ್ರಿ ಅಜ್ಜಿ?”

“ನಾನು ಇನ್ನೆಲ್ಲಿ ಸಕ್ರೆ ಹಾಕ್ಲಿ ಸ್ವಾಮಿ? ಮುಂಚೆ ನನ್ನ ಮರದ ಬುಡಕ್ಕೆ ಹಾಕ್ತಿದ್ದೆ. ಸಿಡಿಲು ಹೊಡೀತಲ್ಲ, ಆವತ್ತಿಂದ ನನ್ನ ಸೊಸೆ ಮರದ ಬುಡಕ್ಕೆ.”

“ಯಾವತ್ತು? ಎಷ್ಟು ಹೊತ್ನಲ್ಲಿ?”

“ತಂದ ವಾರದಾಗೇಯ. ಹೊತ್ತು ಮುಳುಗೋ ಟೈಮು.”

ಸೂರ್ಯಪ್ರಕಾಶ್ ತೋಟದ ಕಡೆ ಓಡಿದರು. ಅವರ ಹಿಂದೆ ಇಪ್ಪತ್ತು ಜನ ಓಡಿದರು. ಈರಣ್ಣ ದೋಟಿಗೆ ಕುಡುಗೋಲು ಕಟ್ಟಿ ಗಂಗಲಕ್ಷ್ಮಿಯ ಮರದಿಂದ ಅರೆ ಒಣಗಿದ ಒಂದು ಗರಿ ಇಳಿಸಿದ. ಸೂರ್ಯಪ್ರಕಾಶ್ ಮಂಡಿಯೂರಿ ಕುಳಿತು, ಗರಿಯ ಅಡಿಯಲ್ಲಿದ್ದ ಕಂದು ಬಣ್ಣದ ಸುರಂಗವನ್ನು ಉಗುರಿನಿಂದ ಮೆಲ್ಲಗೆ ಸೀಳಿದರು. ಒಂದು, ಎರಡು, ಐದು, ಹತ್ತು. ಮಸೂರವನ್ನು ಕತ್ತಿನಿಂದ ತೆಗೆದು ಗಂಗಲಕ್ಷ್ಮಿಯ ಕೈಗೆ ಕೊಟ್ಟರು.

ಅವಳು ಒಂದು ಕಣ್ಣು ಮುಚ್ಚಿ ನೋಡಿದಳು. ಕಪ್ಪು ತಲೆಯ ಹುಳ ಅಲ್ಲಾಡದೆ ಮಲಗಿತ್ತು. ಅದರ ಬೆನ್ನ ಮೇಲೆ ಅಕ್ಕಿ ನುಚ್ಚಿನಂಥ ಸಣ್ಣ ಬಿಳಿ ಮರಿಗಳು ಸಾಲಾಗಿ ಅಂಟಿಕೊಂಡು ಊಟ ಮಾಡುತ್ತಿದ್ದವು. ಪಕ್ಕದ ಸುರಂಗದಲ್ಲೂ ಹಾಗೆಯೇ. ಅದರ ಪಕ್ಕದಲ್ಲಿ ಹುಳದ ಸಿಪ್ಪೆ ಮಾತ್ರ.

“ನನ್ನ ಮರ ಉಳೀತದಾ ಸಾರ್?”

“ಉಳೀತದಮ್ಮ. ಮೇಲೆ ನೋಡಿ, ಸುಳಿ ಗಟ್ಟಿಯಾಗಿದೆ, ಹೊಸ ಗರಿ ಹಸಿರಾಗಿದೆ. ಇಲ್ಲಿ ಹುಟ್ಟಿದ ಕಣಜ ಇನ್ನು ಪಕ್ಕದ ಮರಗಳಿಗೂ ಹೋಗ್ತವೆ.”

ಗಂಗಲಕ್ಷ್ಮಿ ಮರಕ್ಕೆ ಒರಗಿ ಅತ್ತಳು. ಎಲ್ಲರೂ ಇದ್ದಾರೆಂಬ ನಾಚಿಕೆಯನ್ನೂ ಮಾಡಿಕೊಳ್ಳಲಿಲ್ಲ. ಭೈರಮ್ಮ ಅವಳ ತಲೆ ಸವರುತ್ತ, “ಇರುವೆಗೆ ಸಕ್ರೆ ಹಾಕಿದ್ದಕ್ಕೆ ಯಾಕವ್ವ ಅಳ್ತೀಯ?” ಎಂದು ಗಾಬರಿಯಾದಳು.

ಸೂರ್ಯಪ್ರಕಾಶ್ ಭೀಮರಾಜುವಿನ ಕಡೆ ತಿರುಗಿದರು. “ಸಂಜೆ ಹೊತ್ತು, ಮರದ ಬುಡಕ್ಕೆ, ತಂದ ವಾರದೊಳಗೆ. ಕರಪತ್ರದಲ್ಲಿ ಇರೋದೇ ಇಷ್ಟು. ಒಂದಕ್ಷರ ತಪ್ಪದೆ ಮಾಡಿದ್ದಾರೆ. ಅಜ್ಜಿ, ನೀವು ಯಾವ ವರ್ಷ ತರಬೇತಿ ತಗೊಂಡ್ರಿ?”

“ನಂಗೆಲ್ಲಿ ತಿಳೀತದೆ ಸ್ವಾಮಿ. ಅದೆಲ್ಲ ವಿಜ್ಞಾನವಂತೆ. ನನ್ನ ಮಗನ್ನ ಕೇಳಿ” ಎಂದಳು ಭೈರಮ್ಮ.

ಭೀಮರಾಜು ಹೋಗಿ ತಾಯಿಯ ಕಾಲಿಗೆ ಬಿದ್ದ. ಬಿದ್ದವನು ಏಳುವ ಮೊದಲೇ ಅವಳು ಬಗ್ಗಿ ಅವನ ಕಿವಿಯಲ್ಲಿ ಹೇಳಿದಳು. “ಏಳ್ಲಾ ಮಗ. ಆ ಟಬ್ಬಿನ ಹುಳ ಇನ್ನೊಂದಷ್ಟು ಮಾಡು. ಅದನ್ನ ತಿಂದಾಗಿಂದ ಕೋಳಿಗಳು ಹೆಂಗೆ ಲವಲವಿಕೆಯಾಗವೆ ಅಂತೀಯ!”

ಕಾರ್ಖಾನೆ ಮುಚ್ಚಲಿಲ್ಲ. ಆದರೆ ಅದರ ಒಡೆತನ ಬದಲಾಯಿತು. ಟಬ್ಬುಗಳು ಉಗ್ರಾಣದಿಂದ ಹಿತ್ತಲಿನ ಕೊಟ್ಟಿಗೆಗೆ ಹೋದವು. ಬೀದಿಯ ಹೆಂಗಸರು ಬಟ್ಟಲು ಹಿಡಿದು ಬರತೊಡಗಿದರು. “ಭೀಮಣ್ಣ, ನಮ್ಮ ಹ್ಯಾಟೆಕೋಳಿ ಮೊಟ್ಟೆ ನಿಲ್ಸೈತೆ, ಒಂದು ಹಿಡಿ ಹುಳ ಕೊಡಣ್ಣ.” ತುರುವೇಕೆರೆ ತಾಲ್ಲೂಕಿಗೆಲ್ಲ ಮಿತ್ರಕೀಟ ಹಂಚಬೇಕಾಗಿದ್ದವನು ಒಂದು ಬೀದಿಯ ಕೋಳಿಗಳಿಗೆ ಮೇವು ಹಂಚುತ್ತ ಕುಳಿತ. ತಿಪಟೂರಿಂದ ತಂದ ಹೊಸ ಕೊಳವೆಗಳನ್ನು ಮಾತ್ರ ಅದೇ ಸಂಜೆ ತಾಯಿಯ ಕೈಗೇ ಕೊಟ್ಟು, ಹಿಂದೆ ಹಿಂದೆ ಸಕ್ಕರೆ ಡಬ್ಬ ಹಿಡಿದುಕೊಂಡು ತೋಟಕ್ಕೆ ಹೋದ.

ತೊಂಬತ್ತನೆಯ ದಿನದ ಸಂಜೆ. ಪಡಸಾಲೆಯ ದೀಪಕ್ಕೆ ತೋಟದ ಕಡೆಯಿಂದ ಒಂಟಿ ಪತಂಗವೊಂದು ಬಂದು ಗೋಡೆಯ ಮೇಲೆ ಕುಳಿತಿತು. ಬೂದಿ ಬಣ್ಣ, ಹೆಬ್ಬೆಟ್ಟಿನ ಉಗುರಿನಷ್ಟು. ಭೀಮರಾಜು ಪೊರಕೆಯನ್ನೂ ಎತ್ತಲಿಲ್ಲ, ಡಬ್ಬವನ್ನೂ ತರಲಿಲ್ಲ.

“ಪಾಪ, ಇನ್ನು ನಾಲ್ಕು ದಿನ ಇರ್ತದೆ, ಇರ್ಲಿ ಬುಡು” ಎಂದ.

ಗಂಗಲಕ್ಷ್ಮಿ ಅವನನ್ನೇ ನೋಡಿ ನಕ್ಕಳು. ಅಷ್ಟರಲ್ಲಿ ಹೊರಗೆ ಯಾರೋ ಹೊಸಬರು ಈರಣ್ಣನ ಹತ್ತಿರ ದಾರಿ ಕೇಳುವುದು ಕೇಳಿಸಿತು. “ಇಲ್ಲಿ ಭೀಮರಾಜು ಅನ್ನೋರ ಮನೆ ಯಾವುದು?”

“ಭೀಮರಾಜುನಾ? ಆ ಹೆಸ್ರಿನೋರು ಈ ಬೀದಿಯಾಗೆ ಯಾರೂ ಇಲ್ವಲ್ಲ... ಓ, ಕೋಳಿಹುಳದ ಭೀಮಣ್ಣನಾ? ಹಂಗೆ ಕೇಳಿ ಮತ್ತೆ! ಅಗೋ, ಆ ಮನೆ!”

ಗಂಗಲಕ್ಷ್ಮಿ ಕ್ಯಾಲೆಂಡರಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು.

“ರೀ, ಆಧಾರ್ ಕಾರ್ಡು ತಿದ್ದಿಸೋಕೆ ಮಾಯಸಂದ್ರಕ್ಕೆ ನಾಳೆ ಹೋಗಣ್ವಾ, ನಾಡಿದ್ದು ಹೋಗಣ್ವಾ?”